ಸಿವಿಲ್ ಡಿಪ್ಲೊಮಾ ಆಯ್ತು, ಈಗ ಕೆಲಸಕ್ಕಾ ಬಿ.ಟೆಕ್‌ಗಾ?

ಪೆರ್ಲದವ:
ಎಲ್ಲರಿಗೂ ನಮಸ್ತೆ. ನಾನು ಕೇರಳದ ಕಾಸರಗೋಡು ಜಿಲ್ಲೆಯವ, ಹತ್ತನೇವರೆಗೆ ಕನ್ನಡ ಮೀಡಿಯಂ, ಆಮೇಲೆ ಪಾಲಿಟೆಕ್ನಿಕಲ್ಲಿ ಸಿವಿಲ್ ಡಿಪ್ಲೊಮಾ, ಈ ವರ್ಷ ಮುಗೀತು. ಮನೆಯಲ್ಲಿ ಎರಡು ಅಭಿಪ್ರಾಯ ಉಂಟು. ಅಪ್ಪ ಹೇಳುದು ಯಾವುದಾದ್ರೂ ಸೈಟಿಗೆ ಸೇರು, ಕೈಕೆಲಸ ಗೊತ್ತಾಗ್ಲಿ ಅಂತ. ಮಾವ ಗಲ್ಫಲ್ಲಿ ಇರುದು, ಅವರು ಡಿಗ್ರಿ ಇಲ್ಲದೆ ಬಂದ್ರೆ ಎಂತ ಪ್ರಯೋಜನ ಇಲ್ಲ, ಲ್ಯಾಟರಲ್ ಎಂಟ್ರಿಯಲ್ಲಿ (ಡಿಪ್ಲೊಮಾದವರು ನೇರ ಎರಡನೇ ವರ್ಷಕ್ಕೆ ಸೇರುದು) ಬಿ.ಟೆಕ್ ಮಾಡು ಹೇಳ್ತಾರೆ. ಫ್ರೆಂಡ್ಸ್ ಎಲ್ಲ ಸಿವಿಲ್‌ಗೆ ಕೆಲಸವೇ ಇಲ್ಲ ಅಂತ ಕಂಪ್ಯೂಟರ್ ಕೋರ್ಸಿಗೆ ಹೊರಟಿದ್ದಾರೆ. ನನಗೆ ಸಿವಿಲ್ ನಿಜವಾಗಿ ಇಷ್ಟ. ಡಿಪ್ಲೊಮಾದಲ್ಲಿ ಯಾವ್ಯಾವ ಸರ್ಕಾರಿ ಪರೀಕ್ಷೆ ಬರೀಬಹುದು? ಮಲಯಾಳ ಮಾತಾಡ್ತೇನೆ, ಓದ್ಲಿಕ್ಕೆ ನಿಧಾನ. ಗೊತ್ತಿದ್ದವರು ದಯವಿಟ್ಟು ಹೇಳಿ.

ಓವರ್‌ಸಿಯರ್ ಅಕ್ಕ:
ತಮ್ಮ, ನಾನೂ ಕನ್ನಡ ಮೀಡಿಯಂ, ನಾನೂ ಡಿಪ್ಲೊಮಾ, ಈಗ ಮಂಜೇಶ್ವರ ತಾಲೂಕಿನ ಒಂದು ಪಂಚಾಯತಲ್ಲಿ ಓವರ್‌ಸಿಯರ್, ಅಂದ್ರೆ ಕಾಮಗಾರಿ ನೋಡಿಕೊಳ್ಳುವ ಕೆಲಸ. ಕೆಲಸ ಇಲ್ಲ ಅಂತ ಹೇಳುವವರ ಮಾತು ಬಿಡು. ಮೊದಲು ಕೇರಳ ಪಿಎಸ್‌ಸಿಯ (ರಾಜ್ಯ ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಆಯೋಗ) ತುಳಸಿ ವೆಬ್‌ಸೈಟಲ್ಲಿ ಒನ್ ಟೈಮ್ ರಿಜಿಸ್ಟ್ರೇಶನ್ ಮಾಡು, ಇವತ್ತೇ ಮಾಡು, ಯಾಕಂದ್ರೆ ಅದಿಲ್ಲದೆ ಯಾವ ಪೋಸ್ಟಿಗೂ ಅರ್ಜಿ ಹಾಕ್ಲಿಕ್ಕೆ ಆಗುದಿಲ್ಲ. ಓವರ್‌ಸಿಯರ್ ಪೋಸ್ಟಿಗೆ ಗ್ರೇಡ್ ನೋಡಿ ಡಿಪ್ಲೊಮಾ ಅಥವಾ ಐಟಿಐ ಡ್ರಾಫ್ಟ್ಸ್‌ಮನ್ (ನಕ್ಷೆ ಬಿಡಿಸುವ ಕೋರ್ಸ್) ಕೇಳ್ತಾರೆ, ಅಸಿಸ್ಟೆಂಟ್ ಇಂಜಿನಿಯರಿಗೆ ನೇರ ಹೋಗ್ಬೇಕಾದ್ರೆ ಡಿಗ್ರಿ ಬೇಕು. ಪಿಡಬ್ಲ್ಯೂಡಿ, ನೀರಾವರಿ, ವಾಟರ್ ಅಥಾರಿಟಿ, ಸ್ಥಳೀಯಾಡಳಿತ ಇಲಾಖೆ, ಎಲ್ಲ ಕಡೆ ಸಿವಿಲ್ ಪೋಸ್ಟ್ ಉಂಟು. ನೋಟಿಫಿಕೇಶನಲ್ಲಿ ಕ್ವಾಲಿಫಿಕೇಶನ್ ಕಾಲಂ ಒಂದೊಂದು ಶಬ್ದ ಓದು, ಒಂದೇ ಹೆಸರಿನ ಪೋಸ್ಟಿಗೆ ಇಲಾಖೆ ಬದಲಾದ್ರೆ ಅರ್ಹತೆಯೂ ಬದಲಾಗ್ತದೆ.

ಟೆಕ್ನಿಕಲ್ ಪ್ರಶ್ನೆಪತ್ರಿಕೆ ಇಂಗ್ಲಿಷಲ್ಲೇ ಇರುದು, ಅದಕ್ಕೆ ಪರೀಕ್ಷೆಯ ಮಟ್ಟಿಗೆ ಮಲಯಾಳದ ಹೆದರಿಕೆ ಬೇಡ. ಆದ್ರೆ ಕೆಲಸಕ್ಕೆ ಸೇರಿದ ಮೇಲೆ ಫೈಲು, ಗುತ್ತಿಗೆದಾರನ ಪತ್ರ, ಗ್ರಾಮಸಭೆಯ ದೂರು ಎಲ್ಲ ಮಲಯಾಳದಲ್ಲಿ ಬರ್ತದೆ. ಎಸ್ಟಿಮೇಟ್ ಮಾಡುದು ‘ಪ್ರೈಸ್’ ಅಂತ ಒಂದು ಸಾಫ್ಟ್‌ವೇರಲ್ಲಿ, ಬಿಲ್ಡಿಂಗ್ ಪರ್ಮಿಟ್ ಈಗ ಕೆ-ಸ್ಮಾರ್ಟ್ ಅಂತ ಆನ್‌ಲೈನ್ ವ್ಯವಸ್ಥೆಯಲ್ಲಿ (ಪಂಚಾಯತುಗಳಿಗೆ 2025ರ ಏಪ್ರಿಲಲ್ಲಿ ಬಂತು). ನಾನು ಮೊದಲ ಆರು ತಿಂಗಳು ಒಂದು ಪತ್ರ ಓದಿ ಮುಗಿಸ್ಲಿಕ್ಕೆ ಪಕ್ಕದವರ ಮುಖ ನೋಡ್ತಿದ್ದೆ, ಆ ಕಷ್ಟ ನಿನಗೆ ಬೇಡ.

ಸೈಟ್ ಅಣ್ಣ ಉಪ್ಪಳ:
ಅಕ್ಕ ಹೇಳಿದ್ದು ಸರಿ. ಇನ್ನೊಂದು ಎಸ್ಎಸ್‌ಸಿ ಜೆಇ, ಅಂದ್ರೆ ಕೇಂದ್ರ ಸರ್ಕಾರದ ಜೂನಿಯರ್ ಇಂಜಿನಿಯರ್ ಪರೀಕ್ಷೆ, ಅದನ್ನು ಬಿಡ್ಲೇಬೇಡ. ಸಿಪಿಡಬ್ಲ್ಯೂಡಿಗೆ (ಕೇಂದ್ರದ ಲೋಕೋಪಯೋಗಿ ಇಲಾಖೆ) ಡಿಪ್ಲೊಮಾ ಸಾಕು, ಎಂಇಎಸ್‌ಗೆ (ಸೇನೆಯ ಕಟ್ಟಡ ಕೆಲಸದ ವಿಭಾಗ) ಮತ್ತು ಗಡಿ ರಸ್ತೆ ಸಂಸ್ಥೆಗೆ ಡಿಪ್ಲೊಮಾದವರಿಗೆ ಎರಡು ವರ್ಷ ಅನುಭವ ಬೇಕು, ಡಿಗ್ರಿಯವರಿಗೆ ಅದು ಬೇಡ. ಮೊದಲ ಪೇಪರ್ 200 ಮಾರ್ಕು, ಎರಡು ಗಂಟೆ, ಅದರಲ್ಲಿ ಸಿವಿಲ್ 100, ಉಳಿದ 100 ರೀಸನಿಂಗ್ ಮತ್ತು ಜನರಲ್ ನಾಲೆಜ್. ಎರಡನೇದು 300 ಮಾರ್ಕಿಂದು ಪೂರ್ತಿ ಸಿವಿಲ್. ತಪ್ಪು ಉತ್ತರಕ್ಕೆ ಮಾರ್ಕು ಕಳೀತಾರೆ. ಬೇಸಿಕ್ ಸಂಬಳ 35,400 ರೂಪಾಯಿಯಿಂದ ಶುರು. ನಮ್ಮ ಊರಿನ ಮಕ್ಕಳು ಇದನ್ನು ಬರೆಯುದೇ ಕಮ್ಮಿ, ನನಗೆ ಅದು ಬಹಳ ಬೇಜಾರು. ರೈಲ್ವೆ ಜೆಇ ಕೂಡ ಉಂಟು.

ಸೈಟಿಗೆ ಹೋಗುದಾದ್ರೆ ಸುಮ್ಮನೆ ಹೆಲ್ಮೆಟ್ ಹಾಕಿ ನಿಲ್ಲುದಲ್ಲ. ಎನ್ಎಚ್ 66 ತಲಪಾಡಿ–ಚೆಂಗಳ ಭಾಗದಲ್ಲಿ 39 ಕಿಲೋಮೀಟರ್ ಕೆಲಸ ನಮ್ಮ ಕಣ್ಣೆದುರೇ ಆಯ್ತು, ಸರ್ವೇ ಬಲ್ಲವರಿಗೆ, ಬಿಲ್ಲಿಂಗ್ ಬಲ್ಲವರಿಗೆ, ಲ್ಯಾಬಲ್ಲಿ ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ತುಂಡು ಒಡೆದು ಅದರ ಗಟ್ಟಿತನ ನೋಡುದು) ಮಾಡ್ಲಿಕ್ಕೆ ಗೊತ್ತಿದ್ದವರಿಗೆ ಅಂಥ ಕೆಲಸದಲ್ಲಿ ಬೇಡಿಕೆ. ಸರ್ವೇ ಮಾಡುವ ಟೋಟಲ್ ಸ್ಟೇಶನ್ ಉಪಕರಣ ಕಲಿ, ಆಟೋಕ್ಯಾಡ್ ಬರ್ಲೇಬೇಕು, ಎಕ್ಸೆಲಲ್ಲಿ ಬಾರ್ ಬೆಂಡಿಂಗ್ ಶೆಡ್ಯೂಲ್ (ಕಂಬಿಯ ಅಳತೆ, ಬಾಗುವಿಕೆಯ ಪಟ್ಟಿ) ಮಾಡ್ಲಿಕ್ಕೆ ಬರ್ಬೇಕು. ನಾನು ಇಂಟರ್ವ್ಯೂಗೆ ಬಂದವರ ಹತ್ರ ಮೊದಲು ಕೇಳುದು 12 ಎಂಎಂ ಕಂಬಿ ಮೀಟರಿಗೆ ಎಷ್ಟು ತೂಕ ಅಂತ. ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದ್ರೆ 0.89 ಕೆಜಿ ಹತ್ರ ಬರ್ತದೆ, ಇಷ್ಟು ಹೇಳ್ಲಿಕ್ಕಾಗದ ಬಿ.ಟೆಕ್‌ನವರನ್ನು ನೋಡಿದ್ದೇನೆ. ಕ್ಯೂಬ್ 7 ದಿನ, 28 ದಿನಕ್ಕೆ ಯಾಕೆ ಒಡೀತಾರೆ, ಸ್ಲಂಪ್ (ಹಸಿ ಕಾಂಕ್ರೀಟ್ ಕುಸಿಯುವ ಅಳತೆ) ಜಾಸ್ತಿ ಆದ್ರೆ ಎಂತ ಆಗ್ತದೆ, ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಗೆ ನೀರು ಹೇಗೆ ಇಳೀತದೆ, ಇದೆಲ್ಲ ಸೈಟಲ್ಲಿ ಮೇಸ್ತ್ರಿಗಳ ಹತ್ರ ಕೂತು ಕೇಳು. ನನಗೆ ಪಾಠ ಹೇಳಿದ್ದು ಅವರೇ.

ಕುವೈತ್ ಕುಂಬಳೆ:
ನಿನ್ನ ಮಾವ ಹೇಳಿದ್ರಲ್ಲಿ ಅರ್ಧ ಸತ್ಯ ಉಂಟು ಮಾರಾಯ. ಡಿಪ್ಲೊಮಾದಲ್ಲಿ ಸೂಪರ್‌ವೈಸರ್, ಸರ್ವೇಯರ್, ಡ್ರಾಫ್ಟ್ಸ್‌ಮನ್ ಅಂತ ಬರಬಹುದು, ಇಂಜಿನಿಯರ್ ಅಂತ ವೀಸಾದಲ್ಲಿ ಬರೀಬೇಕಾದ್ರೆ ಡಿಗ್ರಿ ಬೇಕು, ಆದ್ರೆ ಡಿಗ್ರಿ ಇದ್ರೂ ಸಾಕಾಗುದಿಲ್ಲ. 2018ರಲ್ಲಿ ಇಲ್ಲಿ ಕುವೈತಲ್ಲಿ ಇಂಜಿನಿಯರುಗಳ ಸೊಸೈಟಿಯ ಒಪ್ಪಿಗೆ ಪತ್ರ ಇಲ್ಲದೆ ರೆಸಿಡೆನ್ಸಿ ರಿನ್ಯೂ ಇಲ್ಲ ಅಂತ ಮಾಡಿದ್ರು, ಅದಕ್ಕೆ ಭಾರತದ ಕಾಲೇಜಿಗೆ ಎನ್‌ಬಿಎ (ಇಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಬೇಕು ಅಂದ್ರು. ನನ್ನ ಕಾಲೇಜಿನ ಸಿವಿಲ್‌ಗೆ ನಾನು ಓದುವಾಗ ಅದು ಇರ್ಲಿಲ್ಲ. ಹತ್ತು ವರ್ಷ ಇಂಜಿನಿಯರ್ ಆಗಿ ದುಡಿದವ ನಾನು, ಕೊನೆಗೆ ಕಾಗದದಲ್ಲಿ ಬೇರೆ ಹುದ್ದೆಗೆ ಬದಲಾಯಿಸಿಕೊಂಡೆ. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಅದಕ್ಕೆ ಹೇಳುದು, ಬಿ.ಟೆಕ್ ಸೇರುವ ಮೊದಲು ಕಾಲೇಜಿಗೆ ಅಲ್ಲ, ಆ ಕಾಲೇಜಿನ ಸಿವಿಲ್ ಕೋರ್ಸಿಗೆ ಎನ್‌ಬಿಎ ಉಂಟಾ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಎನ್‌ಬಿಎ ವೆಬ್‌ಸೈಟಲ್ಲೇ ನೋಡು. ಸೌದಿಯಲ್ಲೂ ಇಂಜಿನಿಯರ್ ಕೌನ್ಸಿಲಿನ ನೋಂದಣಿ ಬೇಕು, ಕತಾರಲ್ಲಿ ಪರೀಕ್ಷೆ ಉಂಟು. ಸರ್ಟಿಫಿಕೇಟ್ ಅಟೆಸ್ಟೇಶನ್ ನೋರ್ಕಾ (ಹೊರಗಿರುವ ಕೇರಳದವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಮೂಲಕ ಮಾಡಿಸು, ಏಜೆಂಟರ ಕೈಗೆ ಒರಿಜಿನಲ್ ಕೊಡ್ಬೇಡ.

ಪೆರ್ಲದವ:
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಹಾಗಾದ್ರೆ ಎರಡು ವರ್ಷ ಸೈಟಲ್ಲಿದ್ದು ಜೆಇ ಮತ್ತು ಪಿಎಸ್‌ಸಿ ಬರೀತೇನೆ, ಆ ಮೇಲೆ ಬಿ.ಟೆಕ್ ನೋಡ್ತೇನೆ ಅಂತ ಮನಸ್ಸಾಗಿದೆ. ತಂಗಿ ಪ್ಲಸ್ ಟು, ಅವಳಿಗೂ ಸಿವಿಲ್ ಆಸೆ. ಮಂಗಳೂರು ಕಡೆ ಓದ್ಲಿಕ್ಕಾಗ್ತದಾ?

ಓವರ್‌ಸಿಯರ್ ಅಕ್ಕ:
ಆಗ್ತದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅಂತ ಅವಕಾಶ ಉಂಟು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡ, ತುಳು, ಬ್ಯಾರಿ ಮನೆಮಾತಿನವರು ಅದರಲ್ಲಿ ಬರ್ತಾರೆ, ಕನ್ನಡ ಪರೀಕ್ಷೆ ಒಂದು ಬರೀಬೇಕು. ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್ ಈಗಲೇ ತೆಗೆದಿಡ್ಲಿ, ಕೊನೆ ಗಳಿಗೆಯಲ್ಲಿ ಓಡಾಡುದು ಬೇಡ. ಮತ್ತೆ ನೀನು ದಿನಾ ಪಂಚಾಯತ್ ಎದುರಿನಿಂದ ಹೋಗುವಾಗ ನೋಟಿಸ್ ಬೋರ್ಡಿನ ಒಂದು ಕಾಗದ ನಿಂತು ಓದು. ನನಗೆ ಮಲಯಾಳ ಬಂದದ್ದು ಹಾಗೆಯೇ.