ಸಹಾಯ ಬೇಕು: ಪ್ಲಾಸ್ಮಾ ಭೌತಶಾಸ್ತ್ರ ಬಲ್ಲವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. 2024ರ ಮೇ ತಿಂಗಳ ಸೌರ ಬಿರುಗಾಳಿ ನೆನಪಿದೆ ಅಲ್ವಾ? ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಆ ಫೋಟೊ ನೋಡಿಯೇ ಕಾಂತರೇಖೆಗಳ ಮರುಬೆಸುಗೆ (ಮ್ಯಾಗ್ನೆಟಿಕ್ ರೀಕನೆಕ್ಷನ್) ಕುರಿತ ಈ ಪ್ರಾಜೆಕ್ಟಿಗೆ ಕೈ ಹಾಕಿದೆ, ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ಲಾಸ್ಮಾದಲ್ಲಿ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಒಡೆದ ಅನಿಲದಲ್ಲಿ, ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಕಾಂತರೇಖೆಗಳು ಅದಕ್ಕೆ ಅಂಟಿಕೊಂಡೇ ಸಾಗುತ್ತವೆ. ಹಾಗಾದರೆ ಸೌರಮಾರುತ (ಸೂರ್ಯನಿಂದ ಹರಿದುಬರುವ ಪ್ಲಾಸ್ಮಾ) ಭೂಮಿಯ ಕಾಂತಕವಚದ ಸುತ್ತ ಹಾದು ಸುಮ್ನೆ ಹೋಗಬೇಕು. ಆದರೆ ಅದು ಹೊತ್ತು ತಂದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ, ಎರಡೂ ಕಡೆಯ ರೇಖೆಗಳು ಕಡಿದು ಮತ್ತೆ ಬೆಸೆದುಕೊಳ್ಳುತ್ತವೆ, ಶಕ್ತಿ ಒಳಗೆ ನುಗ್ಗುತ್ತದೆ. ಇಲ್ಲಿಯವರೆಗೆ ಸರಿ. ಈ ಬೆಸುಗೆಯ ವೇಗ ಹೇಳುವ ಹಳೆಯ ಮಾದರಿಯಾದ ಸ್ವೀಟ್-ಪಾರ್ಕರ್ ಪ್ರಕಾರ ಲೆಕ್ಕ ಹಾಕಿದರೆ ಮಾತ್ರ ಈ ಬೆಸುಗೆ ಆಮೆಗಿಂತ ನಿಧಾನ! ನಿಜದಲ್ಲಿ ಬಲು ಬೇಗ ಆಗುತ್ತದೆ. ತೀರಾ ಸಣ್ಣ ಅಳತೆಯಲ್ಲಿ ಎಲೆಕ್ಟ್ರಾನ್ ಮತ್ತು ಅಯಾನುಗಳು ಬೇರೆ ಬೇರೆಯಾಗಿ ಚಲಿಸುತ್ತವೆ, ಇದರಿಂದ ಹುಟ್ಟುವ ಹಾಲ್ ಪರಿಣಾಮವನ್ನು ಲೆಕ್ಕಕ್ಕೆ ಸೇರಿಸಿದರೆ ವೇಗ ಬರುತ್ತದೆ ಎಂದು ಓದಿದೆ. ಸಮೀಕರಣದಲ್ಲಿ ಅದು ಹೇಗೆ ಅನ್ನೋದೇ ತಲೆಗೆ ಹತ್ತುತ್ತಿಲ್ಲ.

ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ಮಾಡಿದವರು ಒಂದು ಭಾನುವಾರ ಎರಡು ಗಂಟೆ ಕೊಡುತ್ತೀರಾ? ಕೋಡ್ ಬೇಡ, ಕಾಗದ ಪೆನ್ನು ಸಾಕು. ಗಾಂಧಿ ಬಜಾರ್ ಕಡೆ ಬಂದರೆ ದೋಸೆ, ಕಾಫಿ ನನ್ನ ಲೆಕ್ಕ. ಮುಂದಿನ ತಿಂಗಳು ವೈವಾ ಇದೆ, ಸ್ವಲ್ಪ ಬೇಗ ಮೆಸೇಜ್ ಮಾಡಿ.