ಗುರುವಿನ ಪಕ್ಕದ ಖಾಲಿ ಜಾಗದಲ್ಲಿ ಚಂದ್ರ ಮೂಡಿತು, ಇದು ಹೇಗೆ?

ಚುಕ್ಕಿಮನೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 114 ಮಿ.ಮೀ. ಕನ್ನಡಿಯ ಸಣ್ಣ ಟೆಲಿಸ್ಕೋಪ್. ತಂದು ಐದು ತಿಂಗಳಾಯಿತು. ಮೋಡ ಇಲ್ಲದ ದಿನ ತಾರಸಿಗೆ ಹೋಗಿ ಗುರು ಗ್ರಹ ನೋಡದೆ ಮಲಗಿದರೆ ಏನೋ ಬಾಕಿ ಉಳಿದ ಹಾಗೆ ಅನ್ನಿಸುತ್ತದೆ.

ಕಳೆದ ಶುಕ್ರವಾರ ಎಂಟೂಕಾಲಿಗೆ ನೋಡಲು ಕೂತಾಗ ಮೂರೇ ಚಂದ್ರಗಳಿದ್ದವು. ನಾಲ್ಕನೆಯದು ಗುರುವಿನ ಹಿಂದೆ ಇರಬೇಕು ಅಂದುಕೊಂಡೆ. ಹಿಂದಿನಿಂದ ಬರುವುದಾದರೆ ಅಂಚಿಗೆ ಅಂಟಿಕೊಂಡ ಹಾಗೆ ಹೊರಗೆ ಬರಬೇಕು ಅಲ್ವಾ? ಅದಕ್ಕೇ ಅಂಚಿನ ಮೇಲೆಯೇ ಕಣ್ಣಿಟ್ಟು ಕೂತೆ. ಅರ್ಧ ಗಂಟೆ ಕಳೆದರೂ ಅಲ್ಲಿ ಏನೂ ಇಲ್ಲ. ಆಮೇಲೆ 8:47ಕ್ಕೆ, ಅಂಚಿನಿಂದ ಸಾಕಷ್ಟು ಆಚೆ, ಗುರುವಿನ ಅರ್ಧ ಅಗಲಕ್ಕಿಂತ ಸ್ವಲ್ಪ ಕಡಿಮೆ ದೂರದಲ್ಲಿ, ಬರೀ ಕತ್ತಲೆ ಇದ್ದ ಕಡೆ ಸೂಜಿಮೊನೆಯಷ್ಟು ಬೆಳಕು ಕಾಣಿಸಿತು. ಮೊದಲು ಇದೆಯೋ ಇಲ್ಲವೋ ಅನ್ನುವಷ್ಟು ಮಂಕು. ಮೂರು-ನಾಲ್ಕು ನಿಮಿಷದಲ್ಲಿ ಉಳಿದ ಚಂದ್ರಗಳಷ್ಟೇ ಹೊಳೆಯತೊಡಗಿತು. ಮಗಳನ್ನೂ ಕರೆದು ತೋರಿಸಿದೆ. ಅವಳಿಗೂ ಕಾಣಿಸಿತು, ಹಾಗಾಗಿ ನನ್ನ ಕಣ್ಣಿನ ಭ್ರಮೆ ಅಲ್ಲ.

ಏನೂ ಇಲ್ಲದ ಕಡೆಯಿಂದ ಚಂದ್ರ ಬರುವುದು ಹೇಗೆ? ಅದು ಯಾವ ಚಂದ್ರ? ಇನ್ನೊಂದು ಪ್ರಶ್ನೆ: ಎಲ್ಲರೂ ಹೇಳುವ ಆ ದೊಡ್ಡ ಕೆಂಪು ಕಲೆ, ಗುರುವಿನ ಮೇಲಿನ ಆ ಬಿರುಗಾಳಿ, ನನಗೆ ಒಂದು ಸಲವೂ ಕಂಡಿಲ್ಲ. ನನ್ನ ಟೆಲಿಸ್ಕೋಪ್ ಅದಕ್ಕೆ ಸಾಲುವುದಿಲ್ಲವೇ?

ಮಸೂರ:

ಮೂಡಿದ್ದು ಯಾವ ಬದಿಯಲ್ಲಿ ಅಂತ ಹೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕನ್ನಡಿ ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿರುವುದರಿಂದ ದಿಕ್ಕು ಗೊಂದಲವಾಗುತ್ತದೆ. ಟೆಲಿಸ್ಕೋಪನ್ನು ಅಲುಗಾಡಿಸದೆ ಸುಮ್ನೆ ಬಿಡಿ. ಗುರು ಯಾವ ಕಡೆಗೆ ಜಾರಿ ಹೋಗುತ್ತದೋ ಅದು ಪಶ್ಚಿಮ.

ಚುಕ್ಕಿಮನೆ:

ಈಗಷ್ಟೇ ಹಾಗೆ ಮಾಡಿ ನೋಡಿ ಬಂದೆ. ಜಾರುವ ಕಡೆಗೆ ಎದುರು ಬದಿಯಲ್ಲಿ ಮೂಡಿದ್ದು. ಅಂದರೆ ಪೂರ್ವ.

ಹಳೆನೋಟ್‌ಬುಕ್:

ಹಾಗಾದರೆ ನೀವು ನೋಡಿದ್ದು ಅಯೋ. ಖಾಲಿ ಜಾಗ ಅಂದಿರಲ್ಲ, ಅದು ಖಾಲಿ ಅಲ್ಲ. ಅದು ಗುರುವಿನ ನೆರಳು.

ಎರಡೂವರೆ ತಿಂಗಳ ಹಿಂದೆ ಸೂರ್ಯ, ಭೂಮಿ, ಗುರು ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದವು. ಆಗ ಗುರುವಿನ ನೆರಳು ಗುರುವಿನ ಬೆನ್ನ ಹಿಂದೆಯೇ ಬಿದ್ದಿರುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ. ಈಗ ಭೂಮಿ ಮುಂದೆ ಸಾಗಿದೆ, ನಾವು ಗುರುವನ್ನು ಸ್ವಲ್ಪ ಓರೆಯಿಂದ ನೋಡುತ್ತಿದ್ದೇವೆ. ದೀಪದ ಎದುರು ನಿಂತವನನ್ನು ದೀಪದ ಹತ್ತಿರದಿಂದಲೇ ನೋಡಿದರೆ ಅವನ ನೆರಳು ಕಾಣುವುದಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ನೆರಳು ಅವನ ಬದಿಯಿಂದ ಇಣುಕುತ್ತದೆ. ಇಲ್ಲೂ ಹಾಗೆಯೇ. ಅಯೋ ಗುರುವಿನ ಪಶ್ಚಿಮ ಅಂಚಿನ ಹಿಂದೆ ಮರೆಯಾಯಿತು, ಹಿಂದಿನಿಂದಲೇ ಪೂರ್ವಕ್ಕೆ ಸಾಗಿತು, ಅಂಚು ದಾಟಿ ಹೊರಗೂ ಬಂತು. ಆದರೆ ಬಿಸಿಲಿಗೆ ಬಂದಿರಲಿಲ್ಲ. ನೀವು ಅಂಚನ್ನೇ ನೋಡುತ್ತಾ ಕೂತಿದ್ದಾಗ ಅದು ನಿಮ್ಮ ಕಣ್ಣೆದುರೇ ಕತ್ತಲಲ್ಲಿತ್ತು. 8:47ಕ್ಕೆ ಅದರ ಮೇಲೆ ಮೊದಲ ಬಿಸಿಲು ಬಿತ್ತು.

ಅಯೋ ಅಂತ ಹೇಗೆ ಗೊತ್ತು? ನೀವೇ ಬರೆದಿದ್ದೀರಿ, ಪೂರ್ತಿ ಬೆಳಗಲು ಮೂರು-ನಾಲ್ಕು ನಿಮಿಷ. ಅಯೋದ ಅಡ್ಡಳತೆ ಸುಮಾರು 3,640 ಕಿ.ಮೀ. ಅದು ಓಡುವುದು ಸೆಕೆಂಡಿಗೆ 17 ಕಿ.ಮೀ. ಚಿಲ್ಲರೆ ವೇಗದಲ್ಲಿ. ಭಾಗಿಸಿ ನೋಡಿ, ಮೂರೂವರೆ ನಿಮಿಷ ಬರುತ್ತದೆ. ಗ್ಯಾನಿಮೀಡ್ ಆಗಿದ್ದರೆ ಎಂಟು ನಿಮಿಷ ಹಿಡಿಯುತ್ತಿತ್ತು. ಅದು ಗಾತ್ರದಲ್ಲೂ ದೊಡ್ಡದು, ನಡಿಗೆಯೂ ನಿಧಾನ.

ನಾನು ಹದಿನಾಲ್ಕು ವರ್ಷಗಳಿಂದ ಈ ಹೊತ್ತುಗಳನ್ನು ಬರೆದಿಡುತ್ತಿದ್ದೇನೆ. ಮೊದಲ ನೋಟ್‌ಬುಕ್ಕಿನ ಹಾಳೆಗಳಿಗೆ ಇಬ್ಬನಿ ತಾಗಿ ಶಾಯಿ ಹರಡಿಬಿಟ್ಟಿದೆ, ಆಮೇಲಿನಿಂದ ಪೆನ್ಸಿಲ್ ಹಿಡಿದೆ. ನೀವೂ 8:47 ಅಂತ ಬರೆದುಕೊಂಡಿದ್ದು ತುಂಬಾ ಖುಷಿಯಾಯಿತು, ಯಾಕೆಂದರೆ ಅದರಿಂದ ಮುಂದಿನದನ್ನು ನೀವೇ ಲೆಕ್ಕ ಹಾಕಬಹುದು. ಅಯೋ ಒಂದು ನೆರಳಿನಿಂದ ಹೊರಬಂದು ಮತ್ತೆ ಹಾಗೇ ಹೊರಬರಲು 42 ಗಂಟೆ 28 ನಿಮಿಷ ಮತ್ತು ಇನ್ನರ್ಧ ನಿಮಿಷ. ನಾಲ್ಕು ಸುತ್ತಿಗೆ ಏಳು ದಿನ, ಒಂದು ಗಂಟೆ, 54 ನಿಮಿಷ. ಅಂದರೆ ಈ ಶುಕ್ರವಾರ ರಾತ್ರಿ 10:41ರ ಸುಮಾರಿಗೆ ಮತ್ತೆ ಅದೇ ಕಡೆ ನೋಡಿ. ಹತ್ತು ನಿಮಿಷ ಮುಂಚೆಯೇ ಕೂತಿರಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಈಗ ಭೂಮಿ ಗುರುವಿನಿಂದ ದೂರ ಸರಿಯುತ್ತಿದೆ. ಹಾಗಾಗಿ ಪ್ರತಿ ವಾರ ಅಯೋದ ಬೆಳಕು ನಮ್ಮನ್ನು ಮುಟ್ಟಲು ಇನ್ನಷ್ಟು ದಾರಿ ನಡೆಯಬೇಕು. ವಾರಕ್ಕೆ ಒಂದು ನಿಮಿಷದೊಳಗೆ ತಡವಾಗುತ್ತದೆ, ಎರಡು ತಿಂಗಳಲ್ಲಿ ಸುಮಾರು ಏಳು ನಿಮಿಷ ಕೂಡಿಕೊಳ್ಳುತ್ತದೆ. 1676ರಲ್ಲಿ ಡೆನ್ಮಾರ್ಕಿನ ಖಗೋಳಶಾಸ್ತ್ರಜ್ಞ ಓಲೆ ರೋಮರ್ ಇದೇ ಅಯೋವನ್ನು ನೋಡಿ, ನವೆಂಬರ್ 9ರಂದು ಅದು ನೆರಳಿನಿಂದ ಹೊರಬರುವುದು ಹತ್ತು ನಿಮಿಷ ತಡವಾಗುತ್ತದೆ ಎಂದು ಮೊದಲೇ ಹೇಳಿದರು. ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಹೊತ್ತು ಹಿಡಿಯುತ್ತದೆ ಅನ್ನುವುದು ಗಟ್ಟಿಯಾದದ್ದು ಅಲ್ಲಿಂದ. ಅವರ ಲೆಕ್ಕದಲ್ಲಿ ಭೂಮಿಯ ಕಕ್ಷೆಯ ಅಗಲವನ್ನು ಬೆಳಕು ದಾಟಲು 22 ನಿಮಿಷ ಬೇಕಿತ್ತು. ನಿಜವಾಗಿ ಬೇಕಾಗುವುದು ಹದಿನಾರೂವರೆ ನಿಮಿಷ. ಆದರೂ ಆ ಕಾಲದ ಗಡಿಯಾರ, ಆ ಕಾಲದ ಮಸೂರ ಇಟ್ಟುಕೊಂಡು ಅಷ್ಟು ಹತ್ತಿರ ಬಂದರು. ನನಗೆ ಈ ಇಡೀ ಆಕಾಶದಲ್ಲಿ ಇದಕ್ಕಿಂತ ಇಷ್ಟವಾದ ವಿಷಯ ಇಲ್ಲ.

ಚುಕ್ಕಿಮನೆ:

ಎರಡು ಸಲ ಓದಿದೆ. ಅದು ನನ್ನ ಎದುರೇ ಕತ್ತಲಲ್ಲಿತ್ತು ಅನ್ನುವ ಮಾತು ತಲೆಯಿಂದ ಹೋಗುತ್ತಿಲ್ಲ. ಶುಕ್ರವಾರ ಖಂಡಿತ ನೋಡುತ್ತೇನೆ.

ಅಯೋ ತುಂಬಾ ಜ್ವಾಲಾಮುಖಿಗಳಂತೆ, ಕ್ಯಾಲಿಸ್ಟೋ ಪೂರ್ತಿ ತಣ್ಣಗೆ ಸತ್ತು ಬಿದ್ದಿದೆಯಂತೆ. ಒಂದೇ ಗ್ರಹದ ಮಕ್ಕಳು ಯಾಕೆ ಇಷ್ಟು ಬೇರೆ ಬೇರೆ?

ಕೆಂಪುಚುಕ್ಕೆ:

ಕೆಂಪು ಕಲೆಯ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಟೆಲಿಸ್ಕೋಪ್ ಸಾಕು. ನನ್ನದೂ ಅಷ್ಟೇ ದೊಡ್ಡದು, ಅದರಲ್ಲೇ ನೋಡಿ ಚಿತ್ರ ಬರೆಯುತ್ತೇನೆ.

ಹೆಸರು ಕೇಳಿ ಕೆಂಪನ್ನು ಹುಡುಕಬೇಡಿ. ಸಣ್ಣ ಟೆಲಿಸ್ಕೋಪಿನಲ್ಲಿ ಅದು ಮಾಸಿದ ಇಟ್ಟಿಗೆ ಬಣ್ಣ, ಎಷ್ಟೋ ರಾತ್ರಿ ಬಣ್ಣವೇ ಇರುವುದಿಲ್ಲ. ಮೊದಲು ಎರಡು ಕಂದು ಪಟ್ಟಿಗಳನ್ನು ಹಿಡಿಯಿರಿ. ದಕ್ಷಿಣದ ಪಟ್ಟಿಯ ದಕ್ಷಿಣ ಅಂಚಿನಲ್ಲಿ ಯಾರೋ ಕಚ್ಚಿ ತೆಗೆದ ಹಾಗೆ ಒಂದು ತಗ್ಗು ಇರುತ್ತದೆ. ಆ ತಗ್ಗಿನೊಳಗೆ ಕೂತಿರುವುದೇ ಕಲೆ. ನನಗೆ ಯಾವಾಗಲೂ ಮೊದಲು ಕಾಣುವುದು ತಗ್ಗು, ಆಮೇಲೆ ಕಲೆ. ನಿಮ್ಮದರಲ್ಲಿ ಚಿತ್ರ ತಲೆಕೆಳಗು, ದಕ್ಷಿಣ ಮೇಲಿರುತ್ತದೆ, ಮರೆಯಬೇಡಿ.

ಹೊತ್ತೂ ಕೂಡಿಬರಬೇಕು. ಅಷ್ಟು ದೊಡ್ಡ ಗುರು ಹತ್ತು ಗಂಟೆಯೊಳಗೆ, 9 ಗಂಟೆ 55 ನಿಮಿಷಕ್ಕೆ, ಒಂದು ಸುತ್ತು ತಿರುಗಿಬಿಡುತ್ತದೆ. ಆ ವೇಗಕ್ಕೆ ನಡುವೆ ಉಬ್ಬಿದೆ. ನಡುವಿನ ಅಗಲ 1,43,000 ಕಿ.ಮೀ. ಹತ್ತಿರ, ಧ್ರುವದಿಂದ ಧ್ರುವಕ್ಕೆ 1,34,000 ಕಿ.ಮೀ.ಗೂ ಸ್ವಲ್ಪ ಕಡಿಮೆ. ಗಮನಿಸಿ ನೋಡಿ, ತಟ್ಟೆ ದುಂಡಗಿಲ್ಲ, ಅದು ನಿಮ್ಮ ಟೆಲಿಸ್ಕೋಪಿನಲ್ಲೂ ಗೊತ್ತಾಗುತ್ತದೆ. ಕಲೆ ನಡುಗೆರೆಗೆ ಬರುವ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಚೆನ್ನಾಗಿ ಕಾಣುತ್ತದೆ. ಮಿಕ್ಕ ಹೊತ್ತಿನಲ್ಲಿ ಅಂಚಿನಲ್ಲೋ ಹಿಂಬದಿಯಲ್ಲೋ ಇರುತ್ತದೆ.

ಅದು ಕುಗ್ಗುತ್ತಲೂ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸುಮಾರು 40,000 ಕಿ.ಮೀ. ಉದ್ದ ಇತ್ತು. 1979ರಲ್ಲಿ ವಾಯೇಜರ್ ನೌಕೆಗಳು ಹೋದಾಗ 23,000 ಕಿ.ಮೀ. ಆಗಿತ್ತು. ಈಗ 16,000ದ ಆಸುಪಾಸು. ಈಗಲೂ ಭೂಮಿ ಒಳಗೆ ಹಿಡಿಸುವಷ್ಟು ಇದೆ, ಆದರೆ ನನ್ನ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಸಂಕಟವಾಗುತ್ತದೆ. ಬೇಗ ನೋಡಿ.

ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮುಂಚೆಯೇ ಹೊರಗಿಡಿ. ಕೋಣೆಯ ಬಿಸಿ ಹೋಗದಿದ್ದರೆ ಗುರು ನೀರಿನಡಿಯ ನಾಣ್ಯದ ಹಾಗೆ ಅಲ್ಲಾಡುತ್ತದೆ, ಯಾವ ತಗ್ಗೂ ಕಾಣುವುದಿಲ್ಲ.

ಹಳೆನೋಟ್‌ಬುಕ್:

ಅಯೋ ಮತ್ತು ಕ್ಯಾಲಿಸ್ಟೋ ಪ್ರಶ್ನೆಗೆ ಬರುತ್ತೇನೆ. ಇದಕ್ಕೂ ನಿಮ್ಮ ಗಡಿಯಾರದಲ್ಲೇ ಉತ್ತರ ಇದೆ.

ಅಯೋ ಗುರುವನ್ನು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು ಸುತ್ತು ಹಾಕುತ್ತದೆ, ಗ್ಯಾನಿಮೀಡ್ ಒಂದು. ಈ ಮೂರರ ಹೆಜ್ಜೆ ಒಂದಕ್ಕೊಂದು ಕಟ್ಟಿಹಾಕಿದ ಹಾಗಿದೆ. ಉಯ್ಯಾಲೆಯನ್ನು ಪ್ರತಿ ಸಲ ಅದೇ ಜಾಗದಲ್ಲಿ ತಳ್ಳಿದರೆ ಜೀಕು ನಿಲ್ಲುವುದಿಲ್ಲ ಅಲ್ವಾ, ಹಾಗೆ ಯುರೋಪಾ ಮತ್ತೆ ಮತ್ತೆ ಅದೇ ಜಾಗದಲ್ಲಿ ಅಯೋವನ್ನು ಎಳೆಯುತ್ತದೆ. ಅದರಿಂದ ಅಯೋದ ದಾರಿ ಪೂರ್ತಿ ದುಂಡಗಾಗಲು ಆಗುವುದೇ ಇಲ್ಲ. ಒಮ್ಮೆ ಗುರುವಿಗೆ ಸ್ವಲ್ಪ ಹತ್ತಿರ, ಒಮ್ಮೆ ಸ್ವಲ್ಪ ದೂರ. ಗುರುವಿನ ತೂಕ 318 ಭೂಮಿಗಳಷ್ಟು. ಅಂಥದ್ದರ ಪಕ್ಕದಲ್ಲಿ ಹೀಗೆ ಹಿಂದೆಮುಂದೆ ಆಗುವಾಗ ಅಯೋದ ಗಟ್ಟಿ ನೆಲವೇ ಸುಮಾರು 100 ಮೀಟರ್ ಏರಿಳಿಯುತ್ತದೆ. ಇಲ್ಲಿ ಕಡಲಿನ ಭರತ-ಇಳಿತ ಇದ್ದ ಹಾಗೆ ಅಲ್ಲಿ ಬಂಡೆಯ ಭರತ-ಇಳಿತ. ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತಾ ಹೋದರೆ ಬಿಸಿಯಾಗುತ್ತದೆ, ಬೆರಳಿಗೆ ತಾಗಿಸಿ ನೋಡಿ. ಅಯೋವನ್ನು ಒಳಗಿನಿಂದ ಕರಗಿಸುತ್ತಿರುವುದು ಅದೇ ಬಿಸಿ. ಅಲ್ಲಿ 400ಕ್ಕೂ ಜಾಸ್ತಿ ಜ್ವಾಲಾಮುಖಿಗಳು ಸಿಕ್ಕಿವೆ.

1979ರ ಮಾರ್ಚ್ ಆರಂಭದಲ್ಲಿ ಪೀಲ್, ಕ್ಯಾಸನ್, ರೆನಾಲ್ಡ್ಸ್ ಎಂಬ ಮೂವರು ಈ ಲೆಕ್ಕ ಮಾಡಿ, ಅಯೋ ಒಳಗೆ ಕರಗಿರಬೇಕು ಎಂದು ಪ್ರಕಟಿಸಿದರು. ಒಂದು ವಾರವೂ ಆಗಿರಲಿಲ್ಲ, ವಾಯೇಜರ್ 1 ನೌಕೆ ಅಲ್ಲಿಗೆ ತಲುಪಿತು. ನೌಕೆಯ ದಾರಿ ಸರಿಯಿದೆಯೇ ಎಂದು ನೋಡುವ ಕೆಲಸದಲ್ಲಿದ್ದ ಲಿಂಡಾ ಮೊರಾಬಿಟೊ, ಹಿಂದಿನ ಮಂಕು ನಕ್ಷತ್ರಗಳು ಕಾಣಲಿ ಎಂದು ಒಂದು ಚಿತ್ರದ ಹೊಳಪು ಹೆಚ್ಚಿಸಿದರು. ಅಯೋದ ಅಂಚಿನಾಚೆ ಕೊಡೆಯ ಹಾಗೆ ಏನೋ ಚಿಮ್ಮಿ ನಿಂತಿತ್ತು. ಭೂಮಿಯ ಆಚೆ ಒಂದು ಜ್ವಾಲಾಮುಖಿ ಉಗುಳುತ್ತಿರುವುದನ್ನು ಮನುಷ್ಯರು ಕಂಡದ್ದು ಅದೇ ಮೊದಲು.

ಯುರೋಪಾಗೂ ಇದೇ ಹಿಂಡಾಟ, ಆದರೆ ದೂರ ಇರುವುದರಿಂದ ಕಡಿಮೆ. ಬಂಡೆ ಕರಗುವಷ್ಟಲ್ಲ, ಹಿಮದಡಿ ನೀರು ಹೆಪ್ಪುಗಟ್ಟದೆ ಉಳಿಯುವಷ್ಟು. ನಮ್ಮ ಚಂದ್ರನಿಗಿಂತ ಚಿಕ್ಕದಾದ ಅದರಲ್ಲಿ ಭೂಮಿಯ ಎಲ್ಲ ಕಡಲುಗಳಿಗಿಂತ ಜಾಸ್ತಿ ನೀರಿದೆ ಎಂದು ಲೆಕ್ಕ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ಕ್ಕೆ ಅಲ್ಲಿಗೆ ಮುಟ್ಟಬೇಕು. ಗ್ಯಾನಿಮೀಡ್ ಬುಧ ಗ್ರಹಕ್ಕಿಂತ ದೊಡ್ಡದು, ತನ್ನದೇ ಕಾಂತಕ್ಷೇತ್ರ ಇಟ್ಟುಕೊಂಡಿರುವ ಒಂದೇ ಚಂದ್ರ.

ಕ್ಯಾಲಿಸ್ಟೋ ಈ ಹೆಜ್ಜೆಗೆ ಸೇರಿಲ್ಲ. ಹದಿನಾರೂಮುಕ್ಕಾಲು ದಿನಕ್ಕೆ ಒಂದು ಸುತ್ತು, ತನ್ನ ಪಾಡಿಗೆ ತಾನು. ಅದನ್ನು ಯಾರೂ ಅಷ್ಟಾಗಿ ಹಿಂಡಲಿಲ್ಲ, ಹಾಗಾಗಿ ಬಿಸಿಯಾಗಲಿಲ್ಲ, ನೆಲ ಹೊಸದಾಗಲಿಲ್ಲ. ಬಿದ್ದ ಕಲ್ಲುಗಳ ಕುಳಿಗಳೆಲ್ಲ ಹಾಗೇ ಉಳಿದಿವೆ. ಸತ್ತು ಬಿದ್ದಿದೆ ಅಂತ ನಾನು ಹೇಳುವುದಿಲ್ಲ. ಸುಮಾರು 400 ಕೋಟಿ ವರ್ಷದ ಗುರುತುಗಳನ್ನು ಅಳಿಸದೆ ಇಟ್ಟುಕೊಂಡಿದೆ. ನಾಲ್ಕರಲ್ಲಿ ಮಂಕಾಗಿ ಕಾಣುವುದು ಅದೇ, ಇವತ್ತು ರಾತ್ರಿ ಹೋಲಿಸಿ ನೋಡಿ.

ಚುಕ್ಕಿಮನೆ:

ಶುಕ್ರವಾರದ ವರದಿ. ಟೆಲಿಸ್ಕೋಪನ್ನು ಒಂಬತ್ತೂವರೆಗೇ ಹೊರಗಿಟ್ಟೆ. ಹತ್ತರ ಸುಮಾರಿಗೆ ಗಾಳಿ ನಿಂತಾಗ ದಕ್ಷಿಣದ ಪಟ್ಟಿಯಲ್ಲಿ ಆ ಕಚ್ಚಿದ ತಗ್ಗು ಕಾಣಿಸಿತು! ಎರಡು-ಮೂರು ಸೆಕೆಂಡ್ ಇರುತ್ತದೆ, ಕಲಸಿಹೋಗುತ್ತದೆ, ಮತ್ತೆ ಬರುತ್ತದೆ. ಕೆಂಪು ಕಾಣಲಿಲ್ಲ, ಮಾಸಲು ಬಿಳಿಯ ಹಾಗಿತ್ತು. ಆದರೆ ತಗ್ಗು ಇತ್ತು.

10:30ರಿಂದ ಅಯೋಗೆ ಕಾದೆವು. ಮಗಳು ಗಡಿಯಾರ ನೋಡುತ್ತಾ ನಿಮಿಷ ಕೂಗುತ್ತಿದ್ದಳು. 10:41 ಅಂದಳು, ಏನೂ ಇಲ್ಲ. ಈ ಸಲ ನಾನು ಅಂಚನ್ನು ನೋಡಲಿಲ್ಲ, ಆಚೆಯ ಕತ್ತಲನ್ನೇ ನೋಡುತ್ತಿದ್ದೆ. 10:42 ಅಂತ ಅವಳು ಕೂಗಿದ ಹೊತ್ತಿಗೆ ಬಂತು. ಒಂದೇ ಸಲಕ್ಕೆ ಬೆಳಕಿನ ತಡ ಅಂತ ಹೇಳಲು ಆಗುವುದಿಲ್ಲ, ನನ್ನ ಕಣ್ಣೂ ಅರ್ಧ ನಿಮಿಷ ಹಿಂದೆಮುಂದೆ ಆಗಿರಬಹುದು. ಎರಡೂ ಹೊತ್ತನ್ನು ಪೆನ್ಸಿಲಿನಲ್ಲಿ ಬರೆದಿದ್ದೇವೆ.

ಅವಳೇ ಕೂತು ಮುಂದಿನದನ್ನು ಕೂಡಿಸಿದಳು. ಈ ಭಾನುವಾರದ್ದು ಸಂಜೆ 5:10ಕ್ಕೆ, ಆಗ ಇನ್ನೂ ಬೆಳಕಿರುತ್ತದೆ. ಅದರ ಮುಂದಿನ ಭಾನುವಾರ 7:05. ಅವತ್ತು ಆರೂಮುಕ್ಕಾಲಿಗೇ ಕೂರುತ್ತೇವೆ.