ಸಹಾಯ ಬೇಕು: ಹತ್ತನೇ ತರಗತಿಗೆ ವಂಶವಾಹಿ, ವರ್ಣತಂತು, ಡಿಎನ್‌ಎ ಹೇಗೆ ಬಿಡಿಸಿ ಹೇಳ್ತೀರಿ?

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ ನಾನು. ನಮ್ಮ ಮಕ್ಕಳಿಗೆ ಜೀನ್ (ವಂಶವಾಹಿ), ವರ್ಣತಂತು, ಡಿಎನ್‌ಎ ಮೂರೂ ಬೇರೆ ಬೇರೆ ವಸ್ತು ಅನ್ನೋ ಭಾವನೆ ಗಟ್ಟಿಯಾಗಿ ಕೂತುಬಿಟ್ಟಿದೆ.

ಮೊನ್ನೆ ಬಾಳೆಹಣ್ಣು ಕಿವುಚಿ, ಉಪ್ಪು, ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ ಸೋಸಿದೆವು. ಲೋಟದ ಅಂಚಿನಿಂದ ತಣ್ಣನೆಯ ಸ್ಪಿರಿಟ್ ನಿಧಾನ ಇಳಿಸಿದಾಗ ಡಿಎನ್‌ಎಯ ಬಿಳಿ ಎಳೆಗಳು ಮೇಲೆದ್ದವು. ಎಲ್ಲರ ಕಣ್ಣೂ ಅರಳಿತು. ಹಿಂದಿನ ಬೆಂಚಿನ ಹುಡುಗಿ ಕಡ್ಡಿಯಲ್ಲಿ ಎಳೆ ಸುತ್ತಿಕೊಂಡು, "ಮಿಸ್, ಇದರಲ್ಲಿ ಜೀನ್ ಯಾವುದು?" ಅಂದಳು. ಡಿಎನ್‌ಎಯ ಒಂದು ತುಂಡೇ ಜೀನ್ ಅಂದೆ. ಆದರೆ ಅವಳ ಮುಖದಲ್ಲಿ ಗೊಂದಲ ಹಾಗೇ ಇತ್ತು.

ಮನುಷ್ಯನ ಒಂದು ಜೀವಕೋಶದ ಡಿಎನ್‌ಎ ಬಿಡಿಸಿದರೆ ಸುಮಾರು 2 ಮೀಟರ್. ಅದು 46 ವರ್ಣತಂತುಗಳಾಗಿ ಸುತ್ತಿಕೊಂಡಿರುತ್ತದೆ. ಇದನ್ನು ಹೊಲಿಗೆ ದಾರದ 46 ಉಂಡೆ ಮಾಡಿ, ಅಲ್ಲಲ್ಲಿ ಬಣ್ಣ ಬಳಿದು ಜೀನ್ ಅಂತ ತೋರಿಸೋಣ ಅಂದುಕೊಂಡಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ? ಇದಕ್ಕಿಂತ ಒಳ್ಳೆಯ ದಾರಿ ಇದ್ದರೆ ಹೇಳಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಒಬ್ಬ ಹುಡುಗ, "ನಮ್ಮಮ್ಮಂಗೆ ಬರೀ ಹೆಣ್ಣು ಮಕ್ಕಳು ಅಂತ ಅಜ್ಜಿ ಬೈತಾರೆ" ಅಂದ. ಮಗು ಗಂಡೋ ಹೆಣ್ಣೋ ಅಂತ ನಿರ್ಧರಿಸುವ ವರ್ಣತಂತುಗಳಲ್ಲಿ ತಾಯಿಯಿಂದ ಬರೋದು ಎಕ್ಸ್ ಮಾತ್ರ, ಗಂಡು ಮಗುವಿಗೆ ಬೇಕಾದ ವೈ ಬರೋದು ತಂದೆಯಿಂದ, ಹಾಗಂತ ಅದು ತಂದೆಯ ತಪ್ಪೂ ಅಲ್ಲ. ಬೋರ್ಡಲ್ಲಿ ಬರೆದು ತೋರಿಸಿದೆ. ಮನೆಯವರಿಗೂ ಮುಟ್ಟುವ ಹಾಗೆ ಪೋಷಕರ ಸಭೆಯಲ್ಲಿ ಇದನ್ನು ಹೇಗೆ ಹೇಳಲಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ. ಸಭೆ ಶನಿವಾರ ಇದೆ.